ಹೊಗಿಯಿಂದ ಉಸಿರು ತಗೊಳೋ ಗಾಡಿ: ಟರ್ಬೊ ಕಥಿ, ನಮ್ಮ ಮನಿ ಲೆಕ್ಕ

ಕುಸನೂರದಾಗ ನಮ್ಮ ಓಣಿ ಅಕ್ಕಂದಿರು, ವೈನಿಗೋಳು ನನಗ ಕೇಳೋ ಪ್ರಶ್ನಿ ಒಂದೇ. "ಇಪ್ಪತ್ತು ವರ್ಷದ ಹಳೇ ಕಾರಿಗಿ ಇಷ್ಟ್ಯಾಕ ರೊಕ್ಕ ಸುರೀತೀರಿ? ಅಷ್ಟ್ರಾಗ ಕಂತಿನ ಮ್ಯಾಲ ಹೊಸಾದೇ ಬರ್ತಿತ್ತಲ್ಲ?" ಕೇಳೋದ್ರಾಗ ತಪ್ಪಿಲ್ಲ. ಆ ರೊಕ್ಕದಾಗ ಒಂದೆರಡು ಬಂಗಾರದ ಬಳಿ ಆಗ್ತಿದ್ವು ಅಂತ ನನಗೂ ಎಷ್ಟೋ ಸಲ ಅನಿಸ್ಯದ. ಆದ್ರ ಉತ್ತರ ಒಂದ್ ಮಾತಿನಾಗ ಮುಗಿಯೋದಲ್ಲ. ಅದಕ್ಕ ಈ ಸಲ ಅಡಗಿ, ಹಬ್ಬ ಎಲ್ಲಾ ಬಾಜೂಕ ಇಟ್ಟು, ಮನಿ ಮುಂದ ನಿಂತ ಗಾಡಿ ಕಥೀನೇ ಬರ್ಯಾಕ ಕುಂತೀನಿ.

ನಮ್ಮ ಮನಿ ಮುಂದ ಇರೋದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನಮ್ಮ ಮನಿಯವರು ಎರಡನೇ ಕೈಯಿಂದ ತಗೊಂಡಿದ್ದು. ಸ್ಪೋರ್ಟ್ಸ್ ಕಾರ್ ಅಂದ್ರ ಎರಡೇ ಬಾಗಲು, ನೆಲಕ್ಕ ಹತ್ತಿದಂಗ ಕುಂತದ್ದು, ಸಿನಿಮಾದಾಗ ಬರೋದು ಅಂತ ನಾವು ತಿಳ್ಕೊಂಡೀವಿ. ಇದು ಹಂಗಿಲ್ಲ. ನಾಕು ಬಾಗಲ ಅವ, ಹಿಂದ 528 ಲೀಟರಿನ ಡಿಕ್ಕಿ ಅದ, ಜ್ವಾಳದ ಚೀಲ ಹಾಕಿದ್ರೂ ಹಿಡೀತದ. ಖರೇ ವಿಷಯ ಬಾನೆಟ್ ತಳಗ ಅದ. 1,781 ಸಿಸಿ ಪೆಟ್ರೋಲ್ ಎಂಜಿನ್, ಅದಕ್ಕೊಂದು ಟರ್ಬೊ, ಎರಡೂ ಕೂಡಿ 150 ಕುದುರಿ ಶಕ್ತಿ. ಭಾರತದಾಗ ಈ ಗಾಡಿ 2004ರಾಗ ಬಂತು. ಆವಾಗ ನಮ್ಮ ಕಡಿ ರಸ್ತಾದ ಮ್ಯಾಲ ಮಾರುತಿ 800, ಇಂಡಿಕಾ ಓಡಾಡ್ತಿದ್ವು. ಟರ್ಬೊ ಪೆಟ್ರೋಲ್ ಗಾಡಿ ಅಂದ್ರ ನೋಡ್ಲಾಕ ಸಿಗ್ತಿರಲಿಲ್ಲ.

2025ರಾಗ ಇದಕ್ಕ 20 ವರ್ಷ ತುಂಬಿದ್ವು. ಆರ್‌ಸಿ ರಿನ್ಯೂ ಮಾಡ್ಸೋ ವ್ಯಾಳಿ ಬಂತು. ಇಡಬೇಕೋ, ಮಾರಬೇಕೋ, ಗುಜರಿಗಿ ಹಾಕಬೇಕೋ ಅಂತ ಮನ್ಯಾಗ ಎಲ್ಲಾರೂ ಕುಂತು ಮಾತಾಡಬೇಕಾಯ್ತು. ಅದಕ್ಕಿಂತ ಮೊದಲ ಈ ಟರ್ಬೊ ಅಂದ್ರೇನು, ಎಲ್ಲಿಂದ ಬಂತು ಅಂತ ನಾನು ಓದಿ ತಿಳ್ಕೊಂಡೆ. ರೊಕ್ಕ ಹಾಕೋ ವಸ್ತು ಏನಂತ ತಿಳೀದೆ ಹೂಂ ಅನ್ನೋದೂ ಛಲೋ ಅಲ್ಲ, ಬ್ಯಾಡ ಅನ್ನೋದೂ ಛಲೋ ಅಲ್ಲ.

ಒಲಿ, ಊದಗೊಳವಿ, ಟರ್ಬೊ

ಕಟ್ಟಿಗಿ ಒಲಿ ಊದಿದ ನಮ್ಮಂಥವ್ರಿಗಿ ಟರ್ಬೊ ತಿಳಕೊಳ್ಳೋದು ಸಸಾರ. ಒಲ್ಯಾಗ ಎಷ್ಟೇ ಕಟ್ಟಿಗಿ ತುರುಕ್ರಿ, ಗಾಳಿ ಇಲ್ಲಾಂದ್ರ ಬರೇ ಹೊಗಿ. ಊದಗೊಳವಿ ತಗೊಂಡು ಊದಿದ್ರ ಭಗ್ ಅಂತ ಉರೀತದ. ಕಂಬಾರ ತಿದಿ ಒತ್ತಿ ಕುಲುಮ್ಯಾಗ ಕಬ್ಬಿಣ ಕೆಂಪಗ ಮಾಡ್ತಾನ. ಎಂಜಿನ್ನೂ ಒಂದು ಒಲೀನೇ. ಪೆಟ್ರೋಲಿನ ಸಂಗಟ ಗಾಳಿ ಎಷ್ಟು ಹೆಚ್ಚು ಒಳಗ ಹೋಗ್ತದೋ ಅಷ್ಟು ಪೆಟ್ರೋಲ್ ಉರಿಸಬಹುದು, ಅಷ್ಟು ಶಕ್ತಿ ಬರ್ತದ.

ಆದ್ರ ಊದವ್ರು ಯಾರು? ಇಲ್ಲೇ ಟರ್ಬೊದ ಜಾಣತನ ಅದ. ಎಂಜಿನ್ನಿನಿಂದ ಹೊರಗ ಬೀಳೋ ಬಿಸಿ ಹೊಗಿ ಸುಮ್ಕ ಸೈಲೆನ್ಸರಿನಾಗ ಹೋಗಿ ಹಾಳಾಗ್ತದಲ್ಲ, ಅದರ ದಾರ್ಯಾಗ ಒಂದು ಸಣ್ಣ ಫ್ಯಾನ್ ಇಡ್ತಾರ. ಹೊಗಿ ಆ ಫ್ಯಾನ್ ತಿರುಗಸ್ತದ. ಅದೇ ಕಡ್ಡಿಯ ಇನ್ನೊಂದು ತುದೀಗಿ ಇನ್ನೊಂದು ಫ್ಯಾನ್. ಅದು ಹೊರಗಿನ ತಾಜಾ ಗಾಳಿ ಎಳದು ಎಂಜಿನ್ನಿನೊಳಗ ಒತ್ತಿ ತುಂಬತದ. ಅಂದ್ರ ಚಿಮಣಿಯಿಂದ ಹೋಗೋ ಹೊಗೀನೇ ತಿರುಗಿ ಒಲಿ ಊದಿದಂಗಾತು. ಅನ್ನ ಬಸಿದ ಗಂಜಿ ಚೆಲ್ಲದೆ ಸಾರಿಗಿ ಹಾಕೋ ಮಂದಿ ನಾವು. ನಮಗ ಈ ವಿಚಾರ ಹಿಡಿಸ್ಲಾಕಬೇಕು.

ಆ ಫ್ಯಾನ್ ಎಷ್ಟು ಜೋರಾಗಿ ತಿರಗ್ತದ ಅಂದ್ರ, ನಮ್ಮ ಮಿಕ್ಸಿ ನಿಮಿಷಕ್ಕ ಹದಿನೆಂಟು, ಇಪ್ಪತ್ತು ಸಾವಿರ ಸುತ್ತು ತಿರುಗಿದ್ರ ಟರ್ಬೊ ಒಂದು ಲಕ್ಷಕ್ಕೂ ಹೆಚ್ಚು ಸುತ್ತತದ. ಒಂದು ಬಾಜೂಕ ಕೆಂಡದಂಥ ಹೊಗಿ, ಇನ್ನೊಂದು ಬಾಜೂಕ ತಣ್ಣನ ಗಾಳಿ, ನಡುವಿನ ಕಡ್ಡಿ ತಿರಗೋದು ಎಣ್ಣಿಯ ತೆಳ್ಳನ ಪದರದ ಮ್ಯಾಲ. ಈ ಒಂದ್ ಮಾತು ನೆನಪಿಡ್ರಿ. ಟರ್ಬೊ ಗಾಡಿ ಸಾಕೋದ್ರಾಗ ಅರ್ಧ ಕೆಲಸ ಆ ಎಣ್ಣಿ ಕಾಯೋದೇ ಅದ.

ಹಡಗಿನಿಂದ ವಿಮಾನಕ್ಕ, ವಿಮಾನದಿಂದ ಕಾರಿಗಿ

ಇದನ್ನ ಮೊದಲ ಯೋಚಿಸಿದಾತ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ. 1905ರಾಗ ಪೇಟೆಂಟ್ ತಗೊಂಡ. ಆದ್ರ ಕಾಗದದ ಮ್ಯಾಲ ಬರೆದಿದ್ದು ಕೆಲಸ ಮಾಡ್ಲಾಕ ಇಪ್ಪತ್ತು ವರ್ಷ ಹಿಡೀತು. ಅಷ್ಟು ಬಿಸಿ, ಅಷ್ಟು ವೇಗ ತಡಕೊಳ್ಳೋ ಲೋಹ ಆವಾಗ ಇರಲಿಲ್ಲ. 1920ರ ದಶಕದ ನಡುವ ಜರ್ಮನಿಯ ಎರಡು ಪ್ರಯಾಣಿಕರ ಹಡಗಿನ ಡೀಸೆಲ್ ಎಂಜಿನ್ನಿಗಿ ಅವನ ಟರ್ಬೊ ಹಾಕಿದ್ರು. 1,750 ಕುದುರಿ ಶಕ್ತಿಯ ಎಂಜಿನ್ 2,500ಕ್ಕ ಏರಿತು. ಎಂಜಿನ್ ದೊಡ್ಡದಾಗಲಿಲ್ಲ, ಉಸಿರು ದೊಡ್ಡದಾಯ್ತು.

ನಡುವ ಮೊದಲ ಮಹಾಯುದ್ಧ ಬಂದಿತ್ತು. ವಿಮಾನ ಮ್ಯಾಲ ಹೋದಂಗ ಗಾಳಿ ತೆಳ್ಳಗಾಗಿ ಎಂಜಿನ್ನಿಗಿ ಏದುಸಿರು ಹತ್ತತಿತ್ತು. ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಅನ್ನೋ ಎಂಜಿನಿಯರು 1918ರಾಗ ಒಂದು ವಿಮಾನದ ಎಂಜಿನ್ ಲಾರಿ ಮ್ಯಾಲ ಹೇರಿಕೊಂಡು, 14 ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಅನ್ನೋ ಗುಡ್ಡದ ತುದೀಗಿ ಒಯ್ದ. ಕೆಳಗ 350 ಕುದುರಿ ಶಕ್ತಿ ಕೊಡೋ ಎಂಜಿನ್ ಮ್ಯಾಲ 230ಕ್ಕ ಇಳಿದಿತ್ತು. ಟರ್ಬೊ ಹಾಕಿದ ಮ್ಯಾಲ ತಿರುಗಿ 350 ದಾಟ್ತು. ಈ ಗುಡ್ಡದ ಹೆಸರು ನೆನಪಿಡ್ರಿ, ಮುಂದ ಒಬ್ಬ ಹೆಣ್ಣುಮಗಳು ಇದೇ ಗುಡ್ಡ ಹತ್ತತಾಳ.

ಮನಿ ಕಾರಿಗಿ ಟರ್ಬೊ ಬಂದಿದ್ದು 1962ರಾಗ, ಅದೂ ಅಮೆರಿಕದಾಗ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಮೊನ್ಜಾ ಅನ್ನೋ ಎರಡು ಗಾಡಿ. ಜೆಟ್‌ಫೈರಿನ ಕಥಿ ಓದಿ ನನಗ ನಗಿ ಬಂತು. ಗಾಳಿ ಒತ್ತಿದ್ರ ಬಿಸಿ ಆಗ್ತದ, ಬಿಸಿ ಹೆಚ್ಚಾದ್ರ ಪೆಟ್ರೋಲ್ ವ್ಯಾಳಿಗಿಂತ ಮೊದಲೇ ಹೊತ್ತಿ ಎಂಜಿನ್ನಿನೊಳಗ ಟಕಟಕ ಬಡೀತದ. ಅದನ್ನ ತಡೀಲಾಕ ಭಟ್ಟಿ ಇಳಿಸಿದ ನೀರು ಮತ್ತ ಮೆಥನಾಲ್ ಕೂಡ್ಸಿ ಒಂದು ಟಾಕಿಯಾಗ ತುಂಬಬೇಕಿತ್ತು. ಪೆಟ್ರೋಲಿನ ಹಂಗ ಅದೂ ತೀರತಿತ್ತು. ಮಂದಿ ತುಂಬಲಿಲ್ಲ. ಟಾಕಿ ಖಾಲಿ, ಗಾಡಿ ಸುಸ್ತು. ಕಡೀಗಿ ಎಷ್ಟೋ ಗಾಡಿಯ ಟರ್ಬೊ ಬಿಚ್ಚಿ, ಸಾದಾ ಕಾರ್ಬುರೇಟರ್ ಹಾಕಿ ಕೊಟ್ರು. ವಾಟರ್ ಫಿಲ್ಟರ್ ತಂದು ಕ್ಯಾಂಡಲ್ ಬದಲಾಯಿಸದೆ ಕುಂತ ಮನಿ ನಮ್ಮ ಓಣ್ಯಾಗ ಎಷ್ಟಿಲ್ಲ? ವಸ್ತು ಎಷ್ಟೇ ಛಲೋ ಇರ್ಲಿ, ಅದರ ನಿಗಾ ಮನಿ ಮಂದೀಗಿ ಒಗ್ಗಲಿಲ್ಲಾಂದ್ರ ಅದು ಬಾಳಂಗಿಲ್ಲ.

ಆಮ್ಯಾಲ ಯುರೋಪಿನ ಪಾಳಿ. 1973ರಾಗ ಬಿಎಂಡಬ್ಲ್ಯು 2002 ಟರ್ಬೊ ಬಂತು. ಮುಂದಿನ ಗಾಡ್ಯಾಂವ ಕನ್ನಡ್ಯಾಗ ನೋಡಿ ದಾರಿ ಬಿಡ್ಲಿ ಅಂತ ಮುಂಭಾಗದ ಮ್ಯಾಲ 'ಟರ್ಬೊ' ಅಂತ ತಿರುವುಮುರುವು ಅಕ್ಷರದಾಗ ಬರೆಯೋ ಸೊಕ್ಕಿತ್ತು ಅದಕ್ಕ. ಅದೇ ವರ್ಷ ಅಕ್ಟೋಬರಿನಾಗ ಅರಬ್ ದೇಶದವ್ರು ಎಣ್ಣಿ ಬಂದ್ ಮಾಡಿದ್ರು, ಪೆಟ್ರೋಲಿಗಿ ಬೆಂಕಿ ಬೆಲಿ. 1,672 ಗಾಡಿ ಆಗೋದ್ರಾಗ ಆಟ ಮುಗೀತು. 1974ರಾಗ ಪೋರ್ಷೆ 911 ಟರ್ಬೊ ಬಂತು. ಅದಕ್ಕ ಮಂದಿ ಇಟ್ಟ ಅಡ್ಡಹೆಸರು 'ಹೆಂಡ್ತೀನ ವಿಧವಿ ಮಾಡೋ ಗಾಡಿ'. ಯಾಕಂದ್ರ ಆವಾಗಿನ ಟರ್ಬೊ ಒತ್ತಿದ ಕೂಡ್ಲೇ ಎಚ್ಚರ ಆಗ್ತಿರಲಿಲ್ಲ. ಹೊಗಿ ಕೂಡಿ ಫ್ಯಾನ್ ತಿರಗಾಕ ಒಂದೆರಡು ಸೆಕೆಂಡ್ ಬೇಕು. ಗೀಜರಿನ ನಳ ತಿರುವಿ ಬಿಸಿನೀರಿಗಿ ಕಾಯ್ತೀವಲ್ಲ, ಹಂಗ. ತಿರುವಿನ್ಯಾಗ ಇದ್ದಾಗ ಒಮ್ಮೆಲೆ ಶಕ್ತಿ ಬಂದ್ರ ಹಿಂದಿನ ಗಾಲಿ ಜಾರಿ ಗಾಡಿ ತಿರುಗಿ ನಿಲ್ತಿತ್ತು. ಸ್ವೀಡನ್ನಿನ ಸಾಬ್ ಕಂಪನಿ 1977ರಾಗ ತೋರಿಸಿದ 99 ಟರ್ಬೊ ಇದನ್ನ ಪಳಗಿಸ್ತು. ಒತ್ತಡ ಹೆಚ್ಚಾದ್ರ ಹೊಗಿ ಬಾಜೂಕ ಬಿಡೋ ಒಂದು ಕಿಂಡಿ ಇಟ್ರು. ನಮ್ಮ ಕುಕ್ಕರಿನ ಸೀಟಿ ಮಾಡೋ ಕೆಲಸಾನೇ ಅದು.

ಕುಕ್ಕರ್ ಅಂದದ್ದಕ್ಕ ಇನ್ನೊಂದು. ಅದೇ 1977ರಾಗ ರೆನೋ ಕಂಪನಿ ಫಾರ್ಮುಲಾ ಒನ್ ರೇಸಿಗಿ ಟರ್ಬೊ ಗಾಡಿ ತಂತು. ಹಳದಿ ಬಣ್ಣ, ಮತ್ತ ಮತ್ತ ಎಂಜಿನ್ ಕೈಕೊಟ್ಟು ಬುಸ್ ಅಂತ ಬಿಳಿ ಹೊಗಿ. ಮಂದಿ ನಕ್ಕು 'ಹಳದಿ ಚಹಾ ಕೆಟಲಿ' ಅಂತ ಕರದ್ರು. ಎರಡೇ ವರ್ಷಕ್ಕ, 1979ರ ಫ್ರೆಂಚ್ ರೇಸಿನಾಗ, ಆ ಕೆಟಲೀನೇ ಗೆದ್ದಿತು. ಮುಂದ ಎಲ್ಲಾರೂ ಟರ್ಬೊ ಹಾಕ್ಲಾಕತ್ರು.

ಗುಡ್ಡ ಹತ್ತಿದ ಮಿಶೆಲ್

ಈಗ ನಾ ಹೇಳ್ತೀನಂದ ಹೆಣ್ಣುಮಗಳು. ಹೆಸರು ಮಿಶೆಲ್ ಮೂತಾಂ, ಫ್ರಾನ್ಸಿನಾಕಿ. 1980ರಾಗ ಆಡಿ ಕಂಪನಿ ಕ್ವಾಟ್ರೊ ಅನ್ನೋ ಗಾಡಿ ತಂತು. ಟರ್ಬೊ ಎಂಜಿನ್, ನಾಕೂ ಗಾಲಿಗಿ ಶಕ್ತಿ. ಮಣ್ಣು, ಕಲ್ಲು, ಹಿಮದ ರಸ್ತಾದ ಮ್ಯಾಲ ನಡಿಯೋ ರ್‍ಯಾಲಿಗಿ ಅದನ್ನ ಓಡಸ್ಲಾಕ ಕಂಪನಿ ಈಕೀನ ಕರೀತು. 1981ರಾಗ ಇಟಲಿಯ ಸಾನ್‌ರೆಮೊ ರ್‍ಯಾಲಿ ಗೆದ್ದಳು. ವಿಶ್ವ ಚಾಂಪಿಯನ್‌ಶಿಪ್ಪಿನ ರ್‍ಯಾಲಿ ಗೆದ್ದ ಮೊದಲ ಹೆಣ್ಣುಮಗಳು ಈಕೀನೇ. ಬಾಜೂಕ ಕುಂತು ದಾರಿ ಹೇಳ್ತಿದ್ದಾಕೀನೂ ಹೆಣ್ಣುಮಗಳೇ, ಇಟಲಿಯ ಫ್ಯಾಬ್ರಿಜಿಯಾ ಪೊನ್ಸ್.

1982ರಾಗ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರು ಕಡಿ ಗೆದ್ದು ಚಾಂಪಿಯನ್ ಆಗೋ ಹೊಸ್ತಿಲಿಗಿ ಬಂದಿದ್ದಳು. ಆಫ್ರಿಕಾದ ಐವರಿ ಕೋಸ್ಟಿನ ರ್‍ಯಾಲಿ ಇನ್ನೇನು ಶುರು ಅನ್ನೋದ್ರಾಗ ಅಪ್ಪ ತೀರಿಕೊಂಡ ಸುದ್ದಿ ಬಂತು. ಮೊದಲ ರ್‍ಯಾಲಿ ಗಾಡಿ ಕೊಡ್ಸಿ ಈ ಹಾದ್ಯಾಗ ಬೆನ್ನಿಗಿ ನಿಂತಾತ ಆ ಅಪ್ಪನೇ. ಆದ್ರೂ ಓಡಿಸಿದಳು, ಆ ರ್‍ಯಾಲಿ ಪೂರಾ ಮಾಡ್ಲಾಕ ಆಗಲಿಲ್ಲ, ವರ್ಷದ ಕೊನೀಗಿ ಎರಡನೇ ಸ್ಥಾನ ಬಂತು. 1985ರಾಗ ಅಮೆರಿಕಕ್ಕ ಹೋಗಿ ಪೈಕ್ಸ್ ಪೀಕ್ ಗುಡ್ಡ ಹತ್ತೋ ಸ್ಪರ್ಧಾ ಗೆದ್ದಳು, ಅದೂ ಹೊಸ ದಾಖಲಿ ಬರೆದು. ಮಾಸ್ ಸಾಹೇಬ ಲಾರಿ ಮ್ಯಾಲ ಎಂಜಿನ್ ಹೇರಿಕೊಂಡು ಹೋದ ಅದೇ ಗುಡ್ಡ, ಅದೇ ತೆಳ್ಳನ ಗಾಳಿ, 67 ವರ್ಷದ ಮ್ಯಾಲ.

ನಮ್ಮ ಗಾಡಿಯ 1.8 ಟರ್ಬೊ ಎಂಜಿನ್ ಆ ಆಡಿ ಮನಿತನದಾಗೇ ಹುಟ್ಟಿದ್ದು. ಸ್ಕೋಡಾ, ಆಡಿ ಎರಡೂ ಫೋಕ್ಸ್‌ವ್ಯಾಗನ್ ಮನಿ ಸೊಸ್ತೇರು. ಅದು ತಿಳಿದ ಮ್ಯಾಲ ಮನಿ ಮುಂದಿನ ಗಾಡಿ ಬರೇ ಗಂಡಸರ ಆಟಗಿ ಅಂತ ನನಗ ಅನಿಸಲಿಲ್ಲ.

ನಮ್ಮ ಸೀಮಿಗಿ ಬಂದದ್ದು

ನಮ್ಮ ಕಲಬುರಗಿ 1948ರ ತನಕ ನಿಜಾಮನ ರಾಜ್ಯದಾಗ ಇತ್ತು. ಹೈದರಾಬಾದಿಗಿ ಸೀರಿ, ಮುತ್ತು ತರ್ಲಾಕ ಹೋದಾಗ ಚೌಮಹಲ್ಲಾ ಅರಮನಿ ನೋಡಿದವ್ರಿಗಿ ಅಲ್ಲಿನ ಹಳದಿ ರೋಲ್ಸ್ ರಾಯ್ಸ್ ನೆನಪಿರಬೇಕು. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಹೇಳಿ ಮಾಡ್ಸಿದ ಗಾಡಿ, ಒಳಗ ಸಿಂಹಾಸನದಂಥ ಕುರ್ಚಿ. ಗಾಡಿ ಬರೋದ್ರಾಗ ಆತ 1911ರಾಗ ತೀರಿಕೊಂಡಿದ್ದ. ಅದು ಜೀವಮಾನದಾಗ ಓಡಿದ್ದು ಕೆಲವೇ ನೂರು ಮೈಲು. ಅದೇ ರಾಜ್ಯದಾಗ 1932ರಾಗ ನಿಜಾಮನ ರೈಲ್ವೆಯವ್ರು 27 ಆಲ್ಬಿಯನ್ ಬಸ್ ತಂದು ಸರ್ಕಾರಿ ಬಸ್ ಶುರು ಮಾಡಿದ್ರು. ನಮ್ಮ ಅಜ್ಜಿ ಕಾಲದವ್ರಿಗಿ ತವರಿಗಿ ಹೋಗೋ ದಾರಿ ತೆರದದ್ದು ಅಂಥ ಬಸ್ಸುಗಳೇ ಹೊರತು ರೋಲ್ಸ್ ರಾಯ್ಸ್ ಅಲ್ಲ.

ಟರ್ಬೊ ಅನ್ನೋ ಶಬ್ದ ನಮ್ಮ ಕಡಿ ಮೊದಲ ಬಂದದ್ದೂ ದೊಡ್ಡ ಗಾಡಿ ಹತ್ತೇ. ಹುಮನಾಬಾದ ರೋಡಿನಾಗ ಹೋಗೋ ಲಾರಿ ಹಿಂದ 'ಟರ್ಬೊ' ಅಂತ ಬರೆದದ್ದು ಓದ್ಕೊಂತ ನಾವು ಬೆಳೆದೀವಿ. ಆಮ್ಯಾಲ 1998ರ ಟಾಟಾ ಸಫಾರಿ, 2002ರ ಮಹೀಂದ್ರ ಸ್ಕಾರ್ಪಿಯೊ ಟರ್ಬೊ ಡೀಸೆಲ್ ತಂದ್ವು. ಮುಂದ 2017ರ ಟಾಟಾ ನೆಕ್ಸಾನಿನಂಥ ಸಾದಾ ಮನಿಯ ಪೆಟ್ರೋಲ್ ಗಾಡಿಗೂ ಟರ್ಬೊ ಬಂತು. ಇನ್ನ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಹೊಸ ಡೀಸೆಲ್ ಬಸ್ಸಿನ ಎಂಜಿನ್ನಿಗೂ ಟರ್ಬೊ ಅದ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಶುರು ಆದಾಗಿಂದ ಆಧಾರ್ ತೋರ್ಸಿ ಬಸ್ ಹತ್ತಿ ಗಾಣಗಾಪುರಕ್ಕ, ತವರಿಗಿ ಹೋಗಿ ಬರ್ತೀರಲ್ಲ, ನೀವೂ ಟರ್ಬೊ ಮ್ಯಾಲ ಸವಾರಿ ಮಾಡಿದವ್ರೇ. ನಮಗಷ್ಟೇ ಅಂದ್ರ ಹ್ಯಾಂಗ?

ಸಾಕೋದು ಹ್ಯಾಂಗ

ಈಗ ಮನಿ ವಿಷಯ. ಟರ್ಬೊ ಗಾಡಿ ಕೇಳೋದು ಮೂರು: ಛಲೋ ಎಣ್ಣಿ, ಛಲೋ ಗಾಳಿ, ಛಲೋ ನೀರು. ನಮ್ಮ ಕಲಬುರಗ್ಯಾಗ ಮೂರೂ ಕಷ್ಟ.

ಎಣ್ಣಿ: ಸಿಂಥೆಟಿಕ್ ಎಣ್ಣೀನೇ ಹಾಕಬೇಕು. ಕಿಲೋಮೀಟರ್ ಆಗ್ಲಿ ಬಿಡ್ಲಿ, ವರ್ಷಕ್ಕೊಮ್ಮೆ ಬದಲಾಯಿಸಬೇಕು. ದೂರದಿಂದ ಜೋರಾಗಿ ಓಡಿಸ್ಕೊಂಡು ಬಂದು ಒಮ್ಮೆಲೆ ಕೀಲಿ ತಿರುವಿ ಬಂದ್ ಮಾಡಬಾರದು. ಟರ್ಬೊ ಕೆಂಡದಂಗ ಕಾದಿರ್ತದ, ಎಂಜಿನ್ ನಿಂತ ಕೂಡ್ಲೇ ಎಣ್ಣಿ ಹರಿಯೋದು ನಿಲ್ತದ, ಒಳಗ ಉಳಿದ ಎಣ್ಣಿ ಅಲ್ಲೇ ಸುಟ್ಟು ಕರಿಕಟ್ತದ. ಕರಿದ ಎಣ್ಣಿ ಬಾಣಲಿಗಿ ಹತ್ತಿ ಜಿಗಟಾಗಿ, ತಿಕ್ಕಿದ್ರೂ ಹೋಗಂಗಿಲ್ಲ ನೋಡ್ರಿ, ಅದೇ ಪರಿಸ್ಥಿತಿ. ಒಂದೆರಡು ನಿಮಿಷ ಎಂಜಿನ್ ಸವಕಾಶ ತಿರಗಾಕ ಬಿಟ್ಟು ಬಂದ್ ಮಾಡಬೇಕು. ಆ ಎರಡು ನಿಮಿಷದಾಗ ನಾನು ಮಕ್ಕಳನ್ನ ಇಳಿಸಿ, ಸಾಮಾನು ತೆಗೆದು, ಗೇಟ್ ಹಾಕ್ತೀನಿ. ವ್ಯಾಳಿ ಏನೂ ಹಾಳಾಗಂಗಿಲ್ಲ. ಮುಂಜಾನಿ ಚಾಲೂ ಮಾಡಿದ ಕೂಡ್ಲೇ ಜೋರಾಗಿ ಒತ್ತೋದೂ ಬ್ಯಾಡ. ಎಣ್ಣಿ ಬಿಸಿಯಾಗಿ ತೆಳ್ಳಗಾಗೋ ತನಕ ಸವಕಾಶ.

ಗಾಳಿ: ತೊಗರಿ ರಾಶಿ ದಿನದಾಗ ನಮ್ಮ ಕಡಿ ಧೂಳು ಹ್ಯಾಂಗಿರ್ತದ ನಿಮಗ ಹೇಳೋದು ಬ್ಯಾಡ. ಬೆಳಿಗ್ಗಿ ಒರೆಸಿದ ಫರ್ಸಿ ಮಧ್ಯಾಹ್ನಕ್ಕ ಹೆಜ್ಜಿ ಮೂಡಸ್ತದ. ಏರ್ ಫಿಲ್ಟರ್ ಕಟ್ಟಿದ್ರ ಟರ್ಬೊ ಉಸಿರಾಡಂಗಿಲ್ಲ, ಹರಿದ್ರ ಧೂಳು ಹೋಗಿ ಲಕ್ಷ ಸುತ್ತು ತಿರಗೋ ಫ್ಯಾನಿನ ರೆಕ್ಕಿ ಸವಸ್ತದ. ಪುಸ್ತಕದಾಗ ಬರೆದ ಲೆಕ್ಕ ಬ್ಯಾರೆ ಊರಿಂದು. ನಮ್ಮಲ್ಲಿ ಅದರ ಅರ್ಧಕ್ಕೇ ತೆಗೆದು ನೋಡಬೇಕು. ಬ್ಯಾಸಿಗ್ಯಾಗ 43, 44 ಡಿಗ್ರಿ ಬಿಸಿಲಿಗಿ ಗಾಳೀನೇ ತೆಳ್ಳಗಾಗಿರ್ತದ. ಟರ್ಬೊ ಒತ್ತಿದ ಬಿಸಿ ಗಾಳಿ ಆರಸ್ಲಾಕ ಇಂಟರ್‌ಕೂಲರ್ ಅಂತ ಒಂದು ಜಾಳಿಗಿ ಇರ್ತದ. ಅದರ ಸಂದಿನ್ಯಾಗ ಕುಂತ ಹುಳ, ಹೊಟ್ಟು ತೆಗೀಬೇಕು, ಅದೂ ಸಣ್ಣ ನೀರಿನ ಧಾರಿಯಿಂದ. ಜೋರ್ ಹೊಡದ್ರ ಜಾಳಿಗಿ ಮಡಚತದ.

ನೀರು: ನಮ್ಮದು ಸುಣ್ಣದ ಕಲ್ಲಿನ ಸೀಮಿ. ಶಹಾಬಾದ ಫರ್ಸಿ, ವಾಡಿ, ಸೇಡಂ ಸಿಮೆಂಟ್ ಎಲ್ಲಾ ಅದೇ ಕಲ್ಲಿಂದು. ಬೋರಿನ ನೀರು ಕಾಸಿದ ಬೋಗಾಣ್ಯಾಗ ಬೆಳ್ಳಗ ಪದರ ಕೂಡೋದು ಎಲ್ಲಾರ ಮನ್ಯಾಗೂ ನೋಡೀವಿ. ಒಂದ್ ಸಲ ಒಬ್ಬ ಮಿಸ್ತ್ರಿ ಕೂಲೆಂಟ್ ಬದ್ಲಿ ನಮ್ಮ ರೇಡಿಯೇಟರಿಗಿ ಬೋರಿನ ನೀರೇ ತುಂಬಿ ಕೊಟ್ಟಿದ್ದ. ಆರು ತಿಂಗಳಿಗಿ ಕಮಲಾಪುರ ದಾಟಿದ ಮ್ಯಾಲ ಬಿಸಿ ತೋರ್ಸೋ ಮುಳ್ಳು ಮ್ಯಾಲ ಹೋತು. ಬೇವಿನ ಗಿಡದ ನೆರಳಿಗಿ ನಿಲ್ಲಿಸಿ, ಬಾನೆಟ್ ತೆಗೆದಿಟ್ಟು, ಒಂದು ತಾಸು ಕುಂತ್ವಿ. ರೇಡಿಯೇಟರ್ ಮುಚ್ಚಳ ಬಿಸಿ ಇದ್ದಾಗ ತೆಗೀಲಾಕ ನಾನು ಬಿಡಲಿಲ್ಲ. ಕುಕ್ಕರಿನ ಒತ್ತಡ ಇಳಿಯದೆ ಮುಚ್ಚಳ ತೆಗೆದ್ರ ಏನಾಗ್ತದ ಅನ್ನೋದು ಅಡಗಿ ಮನಿಯಾಕೀಗಿ ಗೊತ್ತಿರ್ತದ. ಅವತ್ತು ಕಮಲಾಪುರದ ಕೆಂಪು ಬಾಳಿಹಣ್ಣು ಎರಡು ಡಜನ್ ತಿಂದು ಮುಗಿಸಿದ್ವಿ. ಅಂದಿನಿಂದ ಕೂಲೆಂಟ್ ಡಬ್ಬಿ ಮನ್ಯಾಗೇ ಇರ್ತದ, ಕೂಡ್ಸೋ ನೀರು ಬ್ಯಾಟರಿಗಿ ಹಾಕೋ ಡಿಸ್ಟಿಲ್ಡ್ ನೀರೇ.

ಇನ್ನೊಂದು, ಟೈಮಿಂಗ್ ಬೆಲ್ಟ್. ಎಂಜಿನ್ನಿನ ಕೆಳಗಿನ ಭಾಗ, ಮ್ಯಾಲಿನ ಭಾಗ ತಾಳ ತಪ್ಪದಂಗ ತಿರುಗಿಸೋ ರಬ್ಬರಿನ ಪಟ್ಟಿ. ಇಂಥಾ ಎಂಜಿನ್ನಿನಾಗ ಅದು ಹರಿದ್ರ ವಾಲ್ವ್ ಹೋಗಿ ಪಿಸ್ಟನ್ನಿಗಿ ಬಡದು ಎಂಜಿನ್ ಕಥೀನೇ ಮುಗೀತದ. ಗಾಡಿ ಓಡದೆ ನಿಂತ್ರೂ ರಬ್ಬರಿಗಿ ವಯಸ್ಸಾಗ್ತದ. ಟೈರಿಗೂ ಹಂಗೇ. ಟೈರಿನ ಬಾಜೂಕ ನಾಕು ಅಂಕಿ ಇರ್ತಾವ, 2319 ಅಂತಿದ್ರ 2019ರ 23ನೇ ವಾರ ತಯಾರಾದದ್ದು. ಹಲ್ಲು ಸವದಿಲ್ಲ ಅಂತ ಅಂಗಡ್ಯಾಂವ ಹೇಳಿದ್ರೂ ನೀವು ಅಂಕಿ ಓದ್ರಿ. ಇದು ಟರ್ಬೊ ಇಲ್ಲದ ಗಾಡಿಗೂ, ಸ್ಕೂಟಿಗೂ ಲಾಗೂ.

ಬದಲಾಯಿಸಿದ್ದು, ಕಾಯ್ದಾ, ಮತ್ತ ಓಣಿ

ನಮ್ಮ ಗಾಡಿ ಬಂದಾಗ ಮೊದಲಿನಾತ ಅದಕ್ಕ ಏನೇನೋ ಮಾಡ್ಸಿದ್ದ. ದೊಡ್ಡ ಸೈಲೆನ್ಸರ್, ಮತ್ತ ಎಂಜಿನ್ನಿನ ಕಂಪ್ಯೂಟರಿಗಿ ಬ್ಯಾರೆ ಲೆಕ್ಕ ತುಂಬಿ ಟರ್ಬೊದ ಒತ್ತಡ ಹೆಚ್ಚು ಮಾಡಿದ್ದು. ರಾತ್ರಿ ಹತ್ತಕ್ಕ ಗಾಡಿ ಓಣ್ಯಾಗ ಬಂದ್ರ ಬಾಜೂ ಮನಿ ಕೂಸು ಎದ್ದು ಅಳತಿತ್ತು. ಆ ಕೂಸಿನ ಅವ್ವನೂ ಇದನ್ನ ಓದ್ತಾಳ, ಆಕೀಗಿ ಗೊತ್ತದ.

ಮೋಟಾರ್ ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿದ ಮೂಲ ರೂಪ ಬದಲಾಯಿಸಂಗಿಲ್ಲ. 2019ರ ಜನವರಿಯಾಗ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳ್ತು. ಬಣ್ಣ ಬದಲಾಯಿಸೋದು, ಸಿಎನ್‌ಜಿ ಕಿಟ್ ಇಂಥದಕ್ಕ ಪರವಾನಗಿ ತಗೊಂಡು ಆರ್‌ಸಿ ಮ್ಯಾಲ ಬರೆಸಬೇಕು. ಬರೆಸದೆ ಎಂಜಿನ್ ಬಲ ಹೆಚ್ಚು ಮಾಡಿದ್ರ ಅಪಘಾತ ಆದಾಗ ವಿಮಾ ಕಂಪನಿಗಿ 'ಕೊಡಂಗಿಲ್ಲ' ಅನ್ಲಾಕ ದಾರಿ ಸಿಗ್ತದ. ನನಗ ಹತ್ತಿದ ಚಿಂತಿ ಇದೇ. ಗಾಡಿ ಹೋದ್ರ ಹೋಗ್ಲಿ. ರಸ್ತಾದ ಮ್ಯಾಲ ಯಾರಿಗೋ ಪೆಟ್ಟಾಗಿ, ಕೊಡೋದು ನಮ್ಮ ಮನಿ ಮ್ಯಾಲ ಬಂದ್ರ? ಅದಕ್ಕ ಸೈಲೆನ್ಸರ್ ಮೂಲದ್ದೇ ಹುಡುಕಿ ಹಾಕಿಸಿದ್ವಿ, ಕಂಪ್ಯೂಟರಿನ ಲೆಕ್ಕ ಕಂಪನಿಯದ್ದೇ ತುಂಬಿಸಿದ್ವಿ. ನಮ್ಮ ಮನಿಯವ್ರ ಮಾರಿ ಎರಡು ದಿನ ಸಣ್ಣದಾಗಿತ್ತು. ಆದ್ರ ಹಳೇ ಟರ್ಬೊಗೂ ಅದೇ ಛಲೋ. 20 ವರ್ಷದ ಎದಿಗಿ ಹೆಚ್ಚು ಉಸಿರು ಒತ್ತಿದ್ರ ಯಾವುದೋ ಒಂದ್ ಪೈಪ್ ಒಡೀತದ.

ಪೆಟ್ರೋಲಿನ ಮಾತೂ ಅದ. 2025ರಿಂದ ಪಂಪಿನಾಗ ಸಿಗೋದು ನೂರಕ್ಕ 20 ಪಾಲು ಎಥನಾಲ್ ಕೂಡಿದ್ದು. ಎಥನಾಲ್ ಆಗೋದು ಕಬ್ಬು, ಗೋಂಜಾಳ, ಅಕ್ಕಿಯಿಂದ. ಅಫಜಲಪುರ, ಆಳಂದದ ಕಡಿ ಕಬ್ಬಿನ ರೈತರಿಗಿ ಅದ್ರಿಂದ ನಾಕು ರೊಕ್ಕ ಸಿಕ್ರ ಬ್ಯಾಡ ಅನ್ಲಾಕ ನಾವ್ಯಾರು? ಟಕಟಕ ಬಡಿಯೋದು ತಡೆಯೋ ಗುಣ ಎಥನಾಲಿಗಿ ಹೆಚ್ಚದ, ಟರ್ಬೊಗಿ ಅದು ಒಳ್ಳೇದೇ. ಆದ್ರ 2005ರ ಗಾಡಿಯ ರಬ್ಬರ್ ಪೈಪು, ಸೀಲು ಇಷ್ಟು ಎಥನಾಲಿಗಂತ ಮಾಡಿದ್ದಲ್ಲ. ಹಳೇ ಗಾಡಿಯ ಕೆಲವು ರಬ್ಬರ್ ಭಾಗ 20ರಿಂದ 30 ಸಾವಿರ ಕಿಲೋಮೀಟರಿಗಿ ಬದಲಾಯಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಾಗ ಹೇಳ್ಯದ. ಪೆಟ್ರೋಲ್ ಪೈಪಿನ ಸೋರಿಕಿ ಸಣ್ಣ ಮಾತಲ್ಲ, ಬಾಜೂಕೇ ಕೆಂಡದಂಥ ಟರ್ಬೊ ಇರ್ತದ. ಅದಕ್ಕ ಪೈಪೆಲ್ಲಾ ಎಥನಾಲ್ ತಡಿಯೋ ಜಾತೀದು ಹಾಕಿಸಿದ್ವಿ. ಗ್ಯಾಸ್ ಸಿಲಿಂಡರಿನ ಪೈಪಿನಷ್ಟೇ ಇದಕ್ಕೂ ಕಾಳಜಿ ಬೇಕು.

ನಮ್ಮ ಮನಿ ತೀರ್ಮಾನ

ಕಾರಿನ ಆರ್‌ಸಿ ಮೊದಲ 15 ವರ್ಷದ್ದು, ಆಮ್ಯಾಲ ಐದೈದು ವರ್ಷಕ್ಕ ರಿನ್ಯೂ. ನಮ್ಮದು 2020ರಾಗ ಮೊದಲ ರಿನ್ಯೂ ಆದಾಗ ಫೀಸ್ ಬರೇ 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆಯ್ತು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗಿ 10,000. ಹಳೇ ಗಾಡಿ ಇಡಬ್ಯಾಡ್ರಿ ಅಂತ ಸರ್ಕಾರ ಬಾಯಿ ಬಿಟ್ಟು ಹೇಳಲಿಲ್ಲ, ಚೀಟಿ ಬರೆದು ಕೈಯಾಗ ಕೊಟ್ಟಂಗದ. ಹಂಗಂತ 'ವಿಂಟೇಜ್' ಅಂತ ಮರ್ಯಾದಿ ಸಿಗ್ಲಾಕ 2021ರ ನಿಯಮದಂಗ 50 ವರ್ಷ ದಾಟಬೇಕು, ಮೂಲ ರೂಪ ಉಳಿದಿರಬೇಕು. ಧರ್ಮಸ್ಥಳಕ್ಕ ಹೋದಾಗ ಮಂಜುನಾಥನ ದರ್ಶನ ಆದ ಮ್ಯಾಲ ಕಾರ್ ಮ್ಯೂಸಿಯಂ ನೋಡ್ತೀವಲ್ಲ, ಅಂಥಾ ಸಾಲಿಗಿ ನಮ್ಮ ಗಾಡಿ ಸೇರಬೇಕಂದ್ರ 2055 ಆಗಬೇಕು. ಆವಾಗ ನಾವೇ ವಿಂಟೇಜ್ ಆಗಿರ್ತೀವಿ.

ಮನ್ಯಾಗ ಮೂರು ಮಾತು ಆದ್ವು. ಮೊದಲನೇದು, ವರ್ಷಕ್ಕ ಗಾಡಿಗಂತ ಇಷ್ಟೇ ಅಂತ ಒಂದು ಡಬ್ಬಿ, ಅದು ದಾಟಿದ್ರ ಮುಂದಿನ ವರ್ಷ. ಮಕ್ಕಳ ಫೀಸಿನ ಡಬ್ಬಿಗಿ, ಅತ್ತಿ ಔಷಧದ ಡಬ್ಬಿಗಿ ಕೈ ಹಾಕಂಗಿಲ್ಲ. ಎರಡನೇದು, ಸುರಕ್ಷತಾ ಮೊದಲ. ಬ್ರೇಕ್, ಟೈರ್, ಪೆಟ್ರೋಲ್ ಪೈಪ್ ಆದ ಮ್ಯಾಲೇ ಹೊಳಪು, ಗಾಜು, ಸೀಟು. ಮೂರನೇದು, ಗಾಡಿ ಓಡಬೇಕು. ಚೌಮಹಲ್ಲಾದ ರೋಲ್ಸ್ ರಾಯ್ಸಿನಂಗ ಮುಸುಕು ಹೊದ್ದು ನಿಂತ್ರ ಎಣ್ಣಿ ಇಳೀತದ, ರಬ್ಬರ್ ಒಣಗತದ, ಇಲಿ ಬಂದು ವೈರ್ ಕಡೀತಾವ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರಾ ಬಿಸಿಯಾಗೋ ಹಂಗ ಓಡಿಸಬೇಕು, ಅದ್ರಾಗ ಒಂದ್ ಸಲ ನಾನು.

ಮೂರಕ್ಕೂ ಹೂಂ ಅಂದ ಮ್ಯಾಲ ಅರ್ಜಿ ಹಾಕಿದ್ವಿ. ಫಾರ್ಮ್ 25, ವಿಮಾ, ಹೊಗಿ ತಪಾಸಣಿ ಚೀಟಿ. ಮುದತು ಮುಗಿಯೋಕ 60 ದಿನ ಮೊದಲಿನಿಂದ ಹಾಕ್ಲಾಕ ಬರ್ತದ, ಕೊನೀ ದಿನದ ತನಕ ಕಾಯಬ್ಯಾಡ್ರಿ. ಇನ್‌ಸ್ಪೆಕ್ಟರ್ ಬಾನೆಟ್ ತೆಗೆದು, ಚಾಸಿ ನಂಬರ್ ನೋಡಿ, ದೀಪ, ಬ್ರೇಕ್, ಸೈಲೆನ್ಸರ್ ಪರೀಕ್ಷಾ ಮಾಡಿದ್ರು. ಮೂಲ ರೂಪಕ್ಕ ತಂದದ್ದು ಅಲ್ಲಿ ಕೆಲಸಕ್ಕ ಬಂತು. ಇನ್ನ ಐದು ವರ್ಷಕ್ಕ ಆರ್‌ಸಿ ಕೈಗಿ ಬಂದದ.

ನಿಮ್ಮ ಮನ್ಯಾಗ ಟರ್ಬೊ ಅಂತ ಬರೆದ ಗಾಡಿ, ಹೊಸಾದಿರ್ಲಿ ಹಳೇದಿರ್ಲಿ, ಇದ್ರ ಇವತ್ತೇ ಮೂರು ನೋಡ್ರಿ. ಎಣ್ಣಿ ಯಾವಾಗ ಬದಲಾಯಿಸಿದ್ದು, ಟೈರಿನ ನಾಕು ಅಂಕಿ ಎಷ್ಟು, ರೇಡಿಯೇಟರಿನಾಗ ಇರೋದು ಕೂಲೆಂಟೋ ಬೋರಿನ ನೀರೋ. ಸೈಲೆನ್ಸರಿನಿಂದ ನೀಲಿ ಹೊಗಿ ಬಂದ್ರ ಎಣ್ಣಿ ಸುಡ್ಲಾಕತ್ತದ ಅಂತ ತಿಳೀರಿ, ತಡ ಮಾಡಬ್ಯಾಡ್ರಿ. ಮತ್ತ ದೂರದಿಂದ ಬಂದ ಮ್ಯಾಲ ಎರಡು ನಿಮಿಷ ತಾಳ್ರಿ, ಆಮ್ಯಾಲ ಕೀಲಿ ತಿರುವ್ರಿ.